ನೆಲ ಡೊಂಕೋ, ಕುಣಿತ ಡೊಂಕೋ? ಬೇಸ್ ಗಿಟಾರ್ ಬೆಲೆಯ ಬಗ್ಗೆ ಒಂದು ಉದ್ದ ಉತ್ತರ

ಪ್ರಶ್ನೆ: ನಾನು ಶಿವಮೊಗ್ಗದವನು, ಬೆಂಗಳೂರಿನಲ್ಲಿ ಕೆಲಸ. ಮೂರು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ವಾರಾಂತ್ಯದಲ್ಲಿ ಗೆಳೆಯರ ಬ್ಯಾಂಡ್ ಜೊತೆ ಪಬ್‌ಗಳಲ್ಲಿ ಶೋ ಕೊಡುತ್ತೇವೆ. ನನ್ನದು 19 ಸಾವಿರದ ಬೇಸ್. ನಮ್ಮ ಗಿಟಾರಿಸ್ಟ್ "ಅದು ಆಟದ ಸಾಮಾನು, ಅದಕ್ಕೇ ನಿನ್ನ ಸೌಂಡ್ ಎದ್ದು ಕೇಳಿಸಲ್ಲ" ಅಂತಾನೆ. ಇಎಂಐ ಮೇಲೆ ಎರಡು ಲಕ್ಷದ ಅಮೆರಿಕನ್ ಬೇಸ್ ತಗೊಳ್ಳೋಣ ಅಂತಿದ್ದೇನೆ. ನುಡಿಸುವವರಿಗೆ ಬೇಸ್‌ನ ಬೆಲೆ ನಿಜಕ್ಕೂ ಮುಖ್ಯಾನಾ?

ಉತ್ತರ: ಇಎಂಐ ಈಗಲೇ ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನವಾಗಿ ಓದಿ.

ಬೆಲೆ ಒಂದು ಗೆರೆಯ ತನಕ ತುಂಬಾ ಮುಖ್ಯ. ಆ ಗೆರೆ ದಾಟಿದ ಮೇಲೆ ನಿಮ್ಮ ಕೈಗೆ, ಬೆನ್ನಿಗೆ, ಮನಸ್ಸಿಗೆ ಅದರಿಂದ ಸುಖ ಸಿಗಬಹುದು, ಆದರೆ ಎದುರಿಗೆ ಕೂತು ಕೇಳುವವರಿಗೆ ಹೆಚ್ಚುಕಮ್ಮಿ ಏನೂ ಗೊತ್ತಾಗುವುದಿಲ್ಲ. ನಿಮ್ಮ 19 ಸಾವಿರದ ಬೇಸ್ ಗೆರೆಯ ಮೇಲಿದೆಯೋ ಕೆಳಗಿದೆಯೋ ಅಂತ ನೋಡದೆ ಹೇಳಲಾರೆ. ಅದನ್ನು ನೀವೇ ಅರ್ಧ ಗಂಟೆಯಲ್ಲಿ ಕಂಡುಹಿಡಿಯಬಹುದು, ಹೇಗೆ ಅಂತ ಮುಂದೆ ಹೇಳುತ್ತೇನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಾದ್ಯದ ಬೆಲೆ ಬಗ್ಗೆ ಹೊಸಬರು ಯಾರಾದರೂ ಕೇಳಿದರೆ ಹಿರಿಯ ಪ್ಲೇಯರ್‌ಗಳು ಇದೇ ಧಾಟಿಯಲ್ಲಿ ಬಾಯಿ ಮುಚ್ಚಿಸುತ್ತಾರೆ: "ಎಲ್ಲಾ ಬೆರಳಲ್ಲಿದೆ ಕಣೋ, ಪ್ರಾಕ್ಟೀಸ್ ಮಾಡು ಹೋಗು." ಇದು ಅರ್ಧ ಸತ್ಯ. ಕೆಲವು ಸಲ ನೆಲ ನಿಜವಾಗಲೂ ಡೊಂಕಾಗಿರುತ್ತದೆ.

ನನ್ನದೇ ಕಥೆ ಕೇಳಿ. ಕಾಲೇಜಿನಲ್ಲಿದ್ದಾಗ ಮನೆಯಲ್ಲಿ ಕಾಡಿ ಬೇಡಿ ದುಡ್ಡು ತಗೊಂಡು ಒಂದು ಅಂಗಡಿಯಲ್ಲಿ ಮೊದಲ ಬೇಸ್ ಕೊಂಡೆ. ಅಂಗಡಿಯವರು "ಪ್ರೊಫೆಷನಲ್ ಪೀಸ್ ಸಾರ್" ಅಂದರು, ನಂಬಿದೆ. ಎರಡು ವರ್ಷ ಅದರ ಮೇಲೆ ಗುದ್ದಾಡಿದೆ. ಮೂರನೇ ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) ಒತ್ತಿದರೆ ಒಂದು ಥರ ಬಝ್, ಒಂಬತ್ತನೇ ಫ್ರೆಟ್ ದಾಟಿದರೆ ತಂತಿ ಎಷ್ಟು ಎತ್ತರ ಅಂದರೆ ಅಡಿಯಲ್ಲಿ ಪೆನ್ಸಿಲ್ ತೂರಿಸಬಹುದಿತ್ತು. ಎಡಗೈ ಮಣಿಕಟ್ಟು ನೋವು. ನನ್ನ ಬೆರಳಲ್ಲಿ ಶಕ್ತಿ ಇಲ್ಲ, ನನಗೆ ಇದು ಆಗಿಬರಲ್ಲ ಅಂದುಕೊಂಡಿದ್ದೆ. ಒಂದು ದಿನ ರಿಹರ್ಸಲ್‌ನಲ್ಲಿ ಹಿರಿಯರೊಬ್ಬರು ಅದನ್ನು ಎತ್ತಿ, ಬಡಗಿಗಳು ಹಲಗೆ ನೋಡುತ್ತಾರಲ್ಲ, ಹಾಗೆ ಒಂದು ಕಣ್ಣು ಮುಚ್ಚಿ ಮೇಲಿನಿಂದ ಕೆಳಗೆ ನೋಡಿದರು. "ನೆಕ್ ತಿರುಚಿದೆ ಮಾರಾಯ, ಇದನ್ನು ಯಾವ ದೇವರೂ ಸರಿ ಮಾಡಲ್ಲ" ಅಂದರು. ನೆಕ್ ಅಂದರೆ ಫ್ರೆಟ್‌ಗಳು ಕೂತಿರುವ ಉದ್ದನೆಯ ಹಿಡಿ. ತಮ್ಮ ಬೇಸ್ ಕೊಟ್ಟರು. ನುಡಿಸಿದೆ. ಎರಡು ವರ್ಷ ಮರಳಲ್ಲಿ ಸೈಕಲ್ ತುಳಿದವನಿಗೆ ಡಾಂಬರು ರಸ್ತೆ ಸಿಕ್ಕಿದ ಹಾಗಾಯಿತು. ಅವರದೇನೂ ಲಕ್ಷದ ಬೇಸ್ ಅಲ್ಲ, ಸಾಧಾರಣ ಮಧ್ಯಮ ದರ್ಜೆಯದು. ಅದರ ನೆಕ್ ನೆಟ್ಟಗಿತ್ತು, ಅಷ್ಟೇ ವ್ಯತ್ಯಾಸ.

ನಾನು ಗೆರೆ ಅಂದದ್ದು ಇದನ್ನೇ. ಅದರ ಕೆಳಗೆ ವಾದ್ಯ ನಿಮ್ಮ ಜೊತೆ ಜಗಳ ಆಡುತ್ತದೆ, ಮೇಲಕ್ಕೆ ಹೋದರೆ ಸುಮ್ಮನಿರುತ್ತದೆ. ನಾನು ಕಲಿಯುವ ಕಾಲಕ್ಕೂ ಇವತ್ತಿಗೂ ಬದಲಾಗಿರುವುದು ಏನು ಅಂದರೆ, ಆ ಗೆರೆ ತುಂಬಾ ಕೆಳಗೆ ಇಳಿದಿದೆ. ಮರ ಕೊರೆಯುವುದು, ನೆಕ್‌ನ ಆಕಾರ ತೆಗೆಯುವುದು, ಫ್ರೆಟ್ ಕೂರಿಸಲು ಸೀಳು ತೋಡುವುದು, ಇದೆಲ್ಲ ಕಂಪ್ಯೂಟರ್ ಹಿಡಿತದ ಸಿಎನ್‌ಸಿ ಮೆಷಿನ್ ಕೆಲಸ ಆಗಿಬಿಟ್ಟಿದೆ. ಇಂಡೋನೇಷ್ಯಾದ ಕಾರ್ಖಾನೆಯ ಮೆಷಿನ್‌ಗೂ ಅಮೆರಿಕದ ಕಾರ್ಖಾನೆಯ ಮೆಷಿನ್‌ಗೂ ಮರ ಒಂದೇ. ಇವತ್ತು 15ರಿಂದ 25 ಸಾವಿರದ ಆಸುಪಾಸಿನಲ್ಲಿ ಯಮಾಹಾ, ಐಬನೆಜ್, ಕಾರ್ಟ್ ಥರದ ಕಂಪನಿಗಳ ಆರಂಭಿಕ ಬೇಸ್‌ಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಸರಿಯಾಗಿ ಸೆಟಪ್ (ನೆಕ್‌ನ ಬಾಗು, ತಂತಿಯ ಎತ್ತರ ಹದ ಮಾಡುವುದು) ಮಾಡಿಸಿದರೆ ಸ್ಟೇಜ್ ಮೇಲೆ ಧಾರಾಳವಾಗಿ ನಿಲ್ಲುತ್ತವೆ.

ಬೇಸ್ ಗಿಟಾರ್ ಹುಟ್ಟಿದ್ದೇ ಕಾರ್ಖಾನೆಯ ವಸ್ತುವಾಗಿ ಅನ್ನೋದನ್ನೂ ನೆನಪಿಡಿ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದರು. ಆತ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಅದಕ್ಕೂ ಮುಂಚೆ ಬೇಸ್ ನುಡಿಸುವವರು ಆಳೆತ್ತರದ ಡಬಲ್ ಬೇಸ್ ಹೊತ್ತುಕೊಂಡು ಓಡಾಡಬೇಕಿತ್ತು. ಫೆಂಡರ್ ಮಾಡಿದ್ದು ಒಂದು ಹಲಗೆ, ಅದಕ್ಕೆ ಸ್ಕ್ರೂ ಹೊಡೆದು ಕೂರಿಸಿದ ನೆಕ್, ಸ್ವರ ನಿಖರವಾಗಿ ಬರಲಿ ಅಂತ ಫ್ರೆಟ್‌ಗಳು, ಒಂದು ಮ್ಯಾಗ್ನೆಟ್, ಅದರ ಸುತ್ತ ತಂತಿ. ನೆಕ್ ಹಾಳಾದರೆ ಬಿಚ್ಚಿ ಇನ್ನೊಂದು ಹಾಕು, ಮುಗೀತು. ಪಿಟೀಲಿನಂತೆ ಒಳಗೆ ಗಾಳಿ ತುಂಬಿ ಹಾಡುವ ಪೆಟ್ಟಿಗೆ ಇದರಲ್ಲಿಲ್ಲ. ಬೆಲೆ ಸುಮಾರು 200 ಡಾಲರ್ ಇತ್ತು. ಈಗ ಕೇಳಿದರೆ ಅಗ್ಗ ಅನಿಸಬಹುದು, ಆದರೆ ಆಗಿನ ಅಮೆರಿಕದ ಕಾರ್ಖಾನೆ ಕೆಲಸಗಾರನಿಗೆ ಅದು ಹೆಚ್ಚುಕಮ್ಮಿ ಮೂರು ವಾರದ ಸಂಬಳ. ಅದೇ ಹಲಗೆ, ಅದೇ ಅಳತೆ, ಅದೇ 34 ಇಂಚಿನ ತಂತಿಯ ಉದ್ದ ಇವತ್ತಿಗೂ ನಿಮ್ಮ ಕೈಯಲ್ಲಿರುವ ಅಗ್ಗದ ಬೇಸ್‌ನಲ್ಲೂ ಇದೆ.

ಹಾಗಿದ್ದರೆ ಉಳಿದ ಒಂದು ಲಕ್ಷದ ಎಂಬತ್ತು ಸಾವಿರ ಎಲ್ಲಿಗೆ ಹೋಗುತ್ತದೆ? ದೊಡ್ಡ ಪಾಲು ಕೂಲಿಗೆ, ಸಾಗಣೆಗೆ, ಆಮದು ಸುಂಕಕ್ಕೆ, ಹೆಡ್‌ಸ್ಟಾಕ್ (ನೆಕ್‌ನ ತುದಿಯ ತಲೆ) ಮೇಲಿನ ಹೆಸರಿಗೆ. ಇದು ಮೋಸ ಅಂತ ಹೇಳುತ್ತಿಲ್ಲ, ಅಮೆರಿಕದ ಕೆಲಸಗಾರನಿಗೆ ಅಲ್ಲಿನ ಸಂಬಳ ಕೊಡಲೇಬೇಕಲ್ಲ. ಇನ್ನೊಂದು ಪಾಲು ನಿಜವಾದ ಕೆಲಸಕ್ಕೆ ಹೋಗುತ್ತದೆ, ಅದರಲ್ಲಿ ಬೇಸ್ ನುಡಿಸುವವನ ಕೈಗೆ ಮೊದಲು ತಿಳಿಯುವುದು ಫ್ರೆಟ್‌ಗಳ ಕೆಲಸ. ಫ್ರೆಟ್ ಕೂರಿಸಿದ ಮೇಲೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ಉಜ್ಜಬೇಕು, ತಲೆ ದುಂಡಗೆ ಮಾಡಬೇಕು, ಅಂಚು ಕೈಗೆ ಚುಚ್ಚದ ಹಾಗೆ ನಯ ಮಾಡಬೇಕು. ಇದಕ್ಕೆ ಮನುಷ್ಯನ ಗಂಟೆಗಳು ಬೇಕು, ಅಗ್ಗದ ಬೇಸ್‌ಗೆ ಆ ಗಂಟೆಗಳು ಸಿಗುವುದಿಲ್ಲ. ನನ್ನ ಚಿಕ್ಕಮ್ಮ ವೀಣೆ ನುಡಿಸುತ್ತಿದ್ದರು. ಬೇಸಿಗೆಯಲ್ಲಿ ಮೇಣ ಸಡಿಲವಾಗಿ ಮೆಟ್ಟಿಲುಗಳು ಅಲುಗಿದರೆ ಅದನ್ನು ಕೂರಿಸಿಕೊಡುವವರು ಬರುವ ತನಕ ವೀಣೆ ಮುಟ್ಟುತ್ತಿರಲಿಲ್ಲ, ಎಷ್ಟೇ ಒಳ್ಳೇ ವೀಣೆಯಾದರೂ. ಬೇಸ್‌ನದೂ ಅದೇ ಕಥೆ, ಮೇಣದ ಬದಲು ಮರ.

ಆಮೇಲೆ ತಂತಿ ಬಿಗಿಯುವ ಟ್ಯೂನಿಂಗ್ ಕಿವಿಗಳು, ಸೌಂಡ್ ಏರಿಳಿಸುವ ಗುಂಡಿಗಳ ಒಳಗಿನ ಪಾಟ್‌ಗಳು, ವೈರ್ ಚುಚ್ಚುವ ಜ್ಯಾಕ್. ಅಗ್ಗದ ಬೇಸ್‌ನಲ್ಲಿ ಮೊದಲು ಕೈ ಕೊಡುವುದು ಈ ಜ್ಯಾಕ್, ಹಾಡಿನ ಮಧ್ಯೆ ಕರ್ರ್ ಅಂದು ಸತ್ತು ಹೋಗುತ್ತದೆ. ಒಳ್ಳೇ ಜ್ಯಾಕ್ ಕೆಲವು ನೂರು ರೂಪಾಯಿ, ಬೆಸುಗೆ ಹಾಕಲು ಹತ್ತು ನಿಮಿಷ.

ಇನ್ನು ಮರ. ಮರದಿಂದ ಸೌಂಡ್ ಬದಲಾಗುತ್ತದಾ ಅನ್ನುವ ವಿಷಯದಲ್ಲಿ ನಡೆಯುವಷ್ಟು ಜಗಳ ಮದುವೆ ಮನೆಯಲ್ಲೂ ನಡೆಯುವುದಿಲ್ಲ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರ ಪ್ರಪಂಚದ ಎಷ್ಟೋ ಗಿಟಾರ್‌ಗಳ ಫಿಂಗರ್‌ಬೋರ್ಡ್ (ಬೆರಳೊತ್ತುವ ಹಲಗೆ) ಆಗಿದೆ, ಶಿವಮೊಗ್ಗದವರಿಗೆ ಇದು ಕೇಳಿ ಖುಷಿ ಆಗಬಹುದು. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಬೀಟೆಯ ಜಾತಿಯ ಮರಗಳ ಸಾಗಣೆಗೆಲ್ಲ ಪರವಾನಗಿ ಬೇಕು ಅಂತಾಯಿತು, ಕಂಪನಿಗಳು ಗಾಬರಿಯಾಗಿ ಬೇರೆ ಮರಗಳಿಗೆ ಹೋದವು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಆ ಎರಡು ಮೂರು ವರ್ಷದಲ್ಲಿ ಬೇರೆ ಮರ ಹಾಕಿದ ಎಷ್ಟೋ ಬೇಸ್‌ಗಳು ನನ್ನ ಕೈಗೆ ರಿಪೇರಿಗೆ ಬಂದಿವೆ. ಕಣ್ಣು ಮುಚ್ಚಿ ನುಡಿಸಿದರೆ ಯಾವುದು ಬೀಟೆ, ಯಾವುದು ಅಲ್ಲ ಅಂತ ನನಗಂತೂ ಹೇಳಲು ಬರುವುದಿಲ್ಲ.

ನನ್ನ ಕಿವಿ ಬಿಡಿ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಆರು ಅಕೌಸ್ಟಿಕ್ ಗಿಟಾರ್ ಮಾಡಿಸಿದರು, ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ, ಒಂದರಲ್ಲಿ ನಮ್ಮ ಬೀಟೆಯೂ ಇತ್ತು. 52 ಗಿಟಾರಿಸ್ಟ್‌ಗಳಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ ಕತ್ತಲ ಕೋಣೆಯಲ್ಲಿ ನುಡಿಸಲು ಕೊಟ್ಟರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದಕ್ಕೂ ಮೊದಲು, 2010ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಪಿಟೀಲು ವಾದಕರಿಗೆ ಇಂಥದ್ದೇ ಪರೀಕ್ಷೆ ಆಗಿತ್ತು. ಮೂರು ಹೊಸ ಪಿಟೀಲು, ಮೂರು ಹಳೇ ಇಟಲಿಯವು, ಅವುಗಳಲ್ಲಿ ಎರಡು ಸ್ಟ್ರಾಡಿವೇರಿಯಸ್. ಹಳೇ ಮರದ ವಾಸನೆಯಿಂದಲೂ ಗೊತ್ತಾಗಬಾರದು ಅಂತ ಗದ್ದ ಇಡುವ ಜಾಗಕ್ಕೆ ಸೆಂಟ್ ಹಚ್ಚಿದ್ದರಂತೆ. ಜಾಸ್ತಿ ಜನ ಇಷ್ಟಪಟ್ಟದ್ದು ಒಂದು ಹೊಸ ಪಿಟೀಲು, ಕಮ್ಮಿ ಜನ ಇಷ್ಟಪಟ್ಟದ್ದು ಒಂದು ಸ್ಟ್ರಾಡಿವೇರಿಯಸ್. ಒಳಗೆ ಟೊಳ್ಳಿದ್ದು, ಮರವೇ ಹಾಡುವ ವಾದ್ಯಗಳ ಕಥೆ ಇದು. ಗಟ್ಟಿ ಹಲಗೆಗೆ ಮ್ಯಾಗ್ನೆಟ್ ಕೂರಿಸಿದ ಬೇಸ್‌ನಲ್ಲಿ ಮರದ ಮಾತು ಇನ್ನೂ ಕಮ್ಮಿ.

ಈಗ ನಿಮ್ಮ ಗಿಟಾರಿಸ್ಟ್ ವಿಚಾರ. ಸೌಂಡ್ ಎದ್ದು ಕೇಳಿಸಲ್ಲ ಅಂದನಲ್ಲ, ಅವನು ಹೇಳಿದ ತೊಂದರೆ ನಿಜ ಇರಬಹುದು, ಕಾರಣ ತಪ್ಪು. (ಗಿಟಾರಿಸ್ಟ್‌ಗಳ ಬಗ್ಗೆ ನಾನು ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ.) ಬೇಸ್‌ನ ದಪ್ಪ ಇ ತಂತಿ ಮಿಡಿದರೆ ಬರುವ ಮೂಲ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಪಬ್‌ನಲ್ಲಿರುವ ಎಷ್ಟೋ ಸ್ಪೀಕರ್‌ಗಳು ಅಷ್ಟು ಕೆಳಗೆ ಸರಿಯಾಗಿ ಇಳಿಯುವುದೇ ಇಲ್ಲ, ಫೋನ್ ಸ್ಪೀಕರ್ ಅಂತೂ ಹತ್ತಿರಕ್ಕೂ ಹೋಗಲ್ಲ. ಆದರೂ ನಮಗೆ ಬೇಸ್ ಕೇಳಿಸುತ್ತದೆ, ಯಾಕಂದರೆ ಒಂದು ತಂತಿ ಮಿಡಿದಾಗ 82, 123, 165 ಹೀಗೆ ಮೇಲಿನ ಕಂಪನಗಳೂ ಜೊತೆಯಲ್ಲೇ ಏಳುತ್ತವೆ, ಕಿವಿ ಅವುಗಳಿಂದ ಕೆಳಗಿನ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಜನ ಬೇಸ್ ಅನ್ನು ಗುರುತಿಸುವುದು ಈ ಮಧ್ಯದ ಭಾಗದಿಂದ, ಅದರಲ್ಲೂ 700, 800 ಹರ್ಟ್ಸ್ ಆಸುಪಾಸಿನಿಂದ. ಮನೆಯಲ್ಲಿ ಒಬ್ಬರೇ ಕೂತು ಆಂಪ್‌ನ (ಆಂಪ್ಲಿಫೈಯರ್) ಗುಂಡಿ ತಿರುಗಿಸುವಾಗ ನಾವು ಏನು ಮಾಡುತ್ತೇವೆ? ಬೇಸ್ (ತಗ್ಗು ಸ್ವರ) ಪೂರ್ತಿ ಏರಿಸಿ, ಟ್ರೆಬಲ್ (ಮೇಲಿನ ಸ್ವರ) ಏರಿಸಿ, ಮಿಡ್ (ನಡುವಿನದು) ತಗ್ಗಿಸುತ್ತೇವೆ. ಕೋಣೆಯಲ್ಲಿ ಅದು ಬೆಣ್ಣೆಯ ಹಾಗೆ ಕೇಳಿಸುತ್ತದೆ. ಅದೇ ಸೆಟ್ಟಿಂಗ್ ತಗೊಂಡು ಪಬ್‌ಗೆ ಹೋದರೆ ಕೆಳಗಿನದನ್ನು ಕಿಕ್ ಡ್ರಮ್ ನುಂಗುತ್ತದೆ, ಮೇಲಿನದನ್ನು ಸಿಂಬಲ್, ನಡುವೆ ನೀವೇ ಜಾಗ ಖಾಲಿ ಮಾಡಿಕೊಟ್ಟಿದ್ದೀರಿ, ಅಲ್ಲಿ ನಿಮ್ಮ ಗಿಟಾರಿಸ್ಟ್ ಕೂತಿದ್ದಾನೆ. ಮುಂದಿನ ಶೋನಲ್ಲಿ ಮಿಡ್ ಸ್ವಲ್ಪ ಏರಿಸಿ, ಬೇಸ್ ಸ್ವಲ್ಪ ಇಳಿಸಿ, ಅವನ ಆಂಪ್‌ನ ಬೇಸ್ ಗುಂಡಿಯನ್ನೂ ಇಳಿಸಲು ಹೇಳಿ. ಕೇಳಲ್ಲ, ಗೊತ್ತು. ಹೇಳಿ ನೋಡಿ.

ಎರಡು ಲಕ್ಷದ ಬೇಸ್ ತಂದು ಮಿಡ್ ತಗ್ಗಿಸಿಟ್ಟರೆ ಎರಡು ಲಕ್ಷವೂ ಹಾಗೇ ಮಾಯ ಆಗುತ್ತದೆ.

ಇಳಯರಾಜ ಸಂಗೀತದ 'ಗೀತಾ' ಸಿನಿಮಾದ ಹಾಡುಗಳನ್ನು ಹೆಡ್‌ಫೋನ್ ಹಾಕಿ ಒಂದು ಸಲ ಬೇಸ್‌ಗೋಸ್ಕರವೇ ಕೇಳಿ. 1981ರದ್ದು. ಬೇಸ್ ಅಲ್ಲಿ ಪಕ್ಕವಾದ್ಯವಾಗಿ ಸುಮ್ನೆ ಹಿಂದೆ ನಿಲ್ಲುವುದಿಲ್ಲ, ತನ್ನದೇ ಒಂದು ರಾಗ ಹಾಡಿಕೊಂಡು ಓಡುತ್ತದೆ. ಅಷ್ಟು ಚೆನ್ನಾಗಿ ಯಾಕೆ ಕೇಳಿಸುತ್ತದೆ ಅಂದರೆ ಅದಕ್ಕೆ ಜಾಗ ಬಿಟ್ಟಿದ್ದಾರೆ. ಆ ಹಾಡು ಕೇಳುವ ಯಾರೂ ಬೇಸ್‌ನ ಬೆಲೆ ಕೇಳಿಲ್ಲ.

ಬೆಲೆ ಮುಖ್ಯ ಅಲ್ಲ ಅನ್ನುವವರು ಯಾವಾಗಲೂ ದೊಡ್ಡವರ ಕಥೆ ಹೇಳುತ್ತಾರೆ. ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಾಫ್ನರ್ ಬೇಸ್ ತಗೊಂಡದ್ದು ಸುಮಾರು 30 ಪೌಂಡ್‌ಗೆ, ಫೆಂಡರ್ ಬೇಸ್ 100 ಪೌಂಡ್ ಹತ್ತಿರ ಇತ್ತು, ಅಷ್ಟು ಕೊಡಲು ಆಗಲಿಲ್ಲ. ಪಿಟೀಲಿನ ಆಕಾರ ಎರಡೂ ಬದಿ ಒಂದೇ ಥರ ಇರುವುದರಿಂದ ಎಡಚನಾದ ತನಗೆ ತಿರುಗಿಸಿ ಹಿಡಿದರೂ ವಿಚಿತ್ರ ಕಾಣುವುದಿಲ್ಲ ಅನ್ನೋದೂ ಒಂದು ಕಾರಣ. ಆ ಅಗ್ಗದ ಟೊಳ್ಳು ಬೇಸ್‌ನಲ್ಲೇ ಬೀಟಲ್ಸ್‌ನ ಮೊದಲ ಹಿಟ್ ಹಾಡುಗಳು ಬಂದವು. 1972ರಲ್ಲಿ ಲಂಡನ್‌ನಲ್ಲಿ ಅದು ಕಳುವಾಯಿತು, ಐವತ್ತು ವರ್ಷ ದಾಟಿದ ಮೇಲೆ ಸಿಕ್ಕಿತು ಅಂತ 2024ರಲ್ಲಿ ಸುದ್ದಿ ಬಂತು. ಈಗ ಅದಕ್ಕೆ ಬೆಲೆ ಕಟ್ಟಲು ಹೋದರೆ ಕಟ್ಟುವವನಿಗೇ ತಲೆ ತಿರುಗಬಹುದು, ಮರ ಮಾತ್ರ ಅದೇ ಮರ.

ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬ ಬೇಸ್ ವಾದಕರಿದ್ದರು. ಬಲಗೈಯ ಒಂದೇ ಬೆರಳಲ್ಲಿ ನುಡಿಸುತ್ತಿದ್ದರು, ತಂತಿಗಳು ಎಷ್ಟು ಎತ್ತರ ಅಂದರೆ ಬೇರೆಯವರಿಗೆ ಒತ್ತಲೂ ಕಷ್ಟ. ತಂತಿ ತುಂಡಾಗುವ ತನಕ ಬದಲಿಸುತ್ತಿರಲಿಲ್ಲ. ಅಮೆರಿಕದ ಇನ್ನೊಬ್ಬ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಫೆಂಡರ್ ಜಾಜ್ ಬೇಸ್‌ನ ಫ್ರೆಟ್‌ಗಳನ್ನೇ ಕಿತ್ತು, ಸೀಳುಗಳಿಗೆ ಪುಟ್ಟಿ ತುಂಬಿ, ದೋಣಿಗೆ ಬಳಿಯುವ ಎಪಾಕ್ಸಿ ಬಳಿದು ನುಡಿಸಿದರಂತೆ. ಹೊಸ ಬೇಸ್‌ನ ಗ್ಯಾರಂಟಿ ಕಾರ್ಡ್ ಜೋಪಾನ ಮಾಡುವ ನಮಗೆ ಇದು ಎದೆ ಒಡೆಯುವ ವಿಷಯ.

ಆದರೆ ಈ ಕಥೆಗಳನ್ನು ಹಾಗೇ ನುಂಗಬೇಡಿ. ಜೇಮರ್ಸನ್ ಮತ್ತು ಜಾಕೋ ಇಬ್ಬರದೂ ಫೆಂಡರ್‌ಗಳೇ, ಗಟ್ಟಿ ಮುಟ್ಟಾದ ವಾದ್ಯಗಳು, ಗೆರೆಯ ಮೇಲಿನವು.  ಈ ಮೂವರ ಕಥೆಯಿಂದ ನಾನು ತಗೊಳ್ಳುವುದು ಇಷ್ಟೇ: ಒಂದು ಬೇಸ್ ಹಿಡಿದುಕೊಂಡರು, ಅದರ ಮೂಲೆ ಮೂಲೆ ತಿಳಿದುಕೊಂಡರು, ವರ್ಷಕ್ಕೊಂದು ಬದಲಿಸುತ್ತಾ ಕೂರಲಿಲ್ಲ.

ಸರಿ, ನಿಮ್ಮ ಬೇಸ್ ಪರೀಕ್ಷೆ. ಹೆಡ್‌ಸ್ಟಾಕ್ ಕಡೆಯಿಂದ ನೆಕ್‌ನ ಎರಡೂ ಅಂಚು ನೋಡಿ, ಎರಡೂ ಒಂದೇ ಥರ ಬಾಗಿರಬೇಕು. ಸಣ್ಣ ಬಾಗು ಇರಲೇಬೇಕು, ತಿರುಚು ಇರಬಾರದು. ಆಮೇಲೆ ನಾಲ್ಕೂ ತಂತಿಯ ಮೇಲೆ ಒಂದೊಂದೇ ಫ್ರೆಟ್ ನುಡಿಸಿ, ಎಲ್ಲೋ ಒಂದು ಕಡೆ ಮಾತ್ರ ಬಝ್ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು, ಉಜ್ಜಿದರೆ ಸರಿಹೋಗುತ್ತದೆ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಮಿಡಿದರೆ ಬರುವ ಸ್ವರ, ಅಲ್ಲೇ ಒತ್ತಿ ನುಡಿಸಿದಾಗ ಬರುವ ಸ್ವರ, ಎರಡೂ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ಇಲ್ಲದಿದ್ದರೆ ತಂತಿಯ ಕೆಳತುದಿ ಕೂರುವ ಬ್ರಿಡ್ಜ್‌ನ ಸ್ಯಾಡಲ್ ಹಿಂದೆ ಮುಂದೆ ಮಾಡಿ ಸರಿಪಡಿಸಬಹುದು. ನೆಕ್‌ನ ಒಳಗೆ ಬಾಗು ಸರಿಪಡಿಸುವ ಸರಳು, ಅಂದರೆ ಟ್ರಸ್ ರಾಡ್, ತಿರುಗುತ್ತದಾ ನೋಡಿ, ಅದು ಕೊನೆ ಮುಟ್ಟಿಯೂ ನೆಕ್ ಜಾಸ್ತಿ ಬಾಗಿಯೇ ಇದ್ದರೆ, ಇಲ್ಲವೇ ತಿರುಚಿದ್ದರೆ, ಆಗ ಮಾತ್ರ ನಿಮ್ಮ ಬೇಸ್‌ಗೆ ಕೈ ಮುಗಿಯಬಹುದು. ರಾಡ್ ಒಂದೇ ಸಲ ಜಾಸ್ತಿ ತಿರುಗಿಸಬೇಡಿ, ಕಾಲು ಸುತ್ತು, ಒಂದು ದಿನ ಬಿಟ್ಟು ನೋಡುವುದು. ಧೈರ್ಯ ಇಲ್ಲದಿದ್ದರೆ ತಿಳಿದವರ ಕೈಗೆ ಕೊಡಿ.

ಇದೆಲ್ಲ ಸರಿ ಇದ್ದರೆ ಒಂದು ಸೆಟಪ್, ಹೊಸ ತಂತಿ. ಎರಡೂ ಸೇರಿ ನಾಲ್ಕೈದು ಸಾವಿರದೊಳಗೆ ಮುಗಿಯಬೇಕು. ಇ ತಂತಿ ಹನ್ನೆರಡನೇ ಫ್ರೆಟ್ ಮೇಲೆ ಎರಡೂವರೆ ಮಿಲಿಮೀಟರ್ ಹತ್ತಿರ, ಜಿ ತಂತಿ ಎರಡರ ಹತ್ತಿರ ನಿಲ್ಲಿಸಿ ಶುರು ಮಾಡಿ, ನಿಮ್ಮ ಕೈ ಗಟ್ಟಿ ಹೊಡೆಯುವ ಕೈಯಾದರೆ ಸ್ವಲ್ಪ ಎತ್ತರಿಸಿ. ನೀವು ಮಳೆಗಾಲದಲ್ಲಿ ಬೇಸ್ ಹೊತ್ತುಕೊಂಡು ಊರಿಗೆ ಹೋಗುವವರಾದರೆ ಇನ್ನೊಂದು ಮಾತು: ಮಲೆನಾಡಿನ ಆ ತೇವಕ್ಕೆ ನೆಕ್ ಅಲುಗುತ್ತದೆ, ಫೆಬ್ರವರಿ ಮಾರ್ಚ್‌ನ ಬೆಂಗಳೂರಿನ ಒಣ ಗಾಳಿಗೆ ಮರ ಕುಗ್ಗಿ ಫ್ರೆಟ್‌ನ ಅಂಚುಗಳು ಹೊರಗೆ ಇಣುಕುತ್ತವೆ. ಎರಡು ಲಕ್ಷದ್ದಕ್ಕೂ ಹೀಗೇ ಆಗುತ್ತದೆ. ವರ್ಷಕ್ಕೆ ಎರಡು ಸಲ ನೋಡಿಕೊಳ್ಳಿ.

ಅದಾದ ಮೇಲೂ ದುಡ್ಡು ಕಚ್ಚುತ್ತಿದ್ದರೆ ಆಂಪ್ ಕಡೆ ನೋಡಿ. 30 ವಾಟ್‌ನ ಪ್ರಾಕ್ಟೀಸ್ ಆಂಪ್ ಇಟ್ಟುಕೊಂಡು ಡ್ರಮ್ಸ್ ಎದುರು ನಿಲ್ಲುವುದು ಜಾತ್ರೆಯಲ್ಲಿ ಪಿಸುಮಾತು ಆಡಿದ ಹಾಗೆ. ಬೇಸ್‌ಗೆ ಇನ್ನೂರು ಮುನ್ನೂರು ವಾಟ್ ಆದರೂ ಬೇಕು, ಇಲ್ಲವೇ ಒಂದು ಡಿಐ ಬಾಕ್ಸ್ (ಬೇಸ್‌ನ ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ತಗೊಂಡು ನೇರವಾಗಿ ಪಬ್‌ನ ಮಿಕ್ಸರ್‌ಗೆ ಕೊಡಿ. ಪಬ್‌ಗಳಲ್ಲಿ ಅರ್ಥಿಂಗ್ ನೆಟ್ಟಗಿರದೆ ಗುಂಯ್ ಅನ್ನುವುದು ಮಾಮೂಲು. ನಮ್ಮ ಕರೆಂಟ್ 50 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್‌ನ ಸ್ವರ 49. ಅಂದರೆ ಕರೆಂಟೂ ನಿಮ್ಮ ಜೊತೆ ಸ್ವಲ್ಪ ಅಪಸ್ವರದಲ್ಲಿ ಬೇಸ್ ನುಡಿಸುತ್ತಿರುತ್ತದೆ! ಬೇಸ್‌ನ ಒಳಗೆ ತಾಮ್ರದ ಟೇಪ್ ಅಂಟಿಸಿದರೆ ಸುತ್ತಲಿನ ಗುಂಯ್ ತಕ್ಕಮಟ್ಟಿಗೆ ಕಮ್ಮಿ ಆಗಬಹುದು. ಈ ಕೆಲಸವನ್ನು ದುಬಾರಿ ಬೇಸ್‌ಗಳಿಗೂ ಮಾಡಿಕೊಟ್ಟಿದ್ದೇನೆ.

ಹಾಗಾದರೆ ದುಬಾರಿ ಬೇಸ್ ಯಾರಿಗೂ ಬೇಡವೇ? ಬೇಕು. ತಿಂಗಳಿಗೆ ಹದಿನೈದು ಶೋ ಮಾಡುವವರಿಗೆ ಬೇಕು, ವಾದ್ಯ ಕೈ ಕೊಟ್ಟರೆ ಅವರ ಅವತ್ತಿನ ಅನ್ನ ಹೋಗುತ್ತದೆ. ಐದು ತಂತಿಯ ಬೇಸ್ ಬೇಕಾದವರು ಸ್ವಲ್ಪ ಜಾಸ್ತಿ ಖರ್ಚು ಮಾಡುವುದೇ ಒಳ್ಳೇದು, 31 ಹರ್ಟ್ಸ್‌ನ ಆ ಬಿ ತಂತಿ ಅಗ್ಗದವುಗಳಲ್ಲಿ ಒದ್ದೆ ಹಗ್ಗದ ಹಾಗೆ ಜೋತಾಡುತ್ತದೆ. ಬೆನ್ನು ನೋವಿನವರಿಗೆ ಮೂರೂವರೆ ಕೆಜಿಗೂ ಐದು ಕೆಜಿಗೂ ಮೂರು ಗಂಟೆಯ ಶೋ ಮುಗಿಯುವಷ್ಟರಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಹಗುರ ಮರ ಆರಿಸಿ ಮಾಡಿದ್ದಕ್ಕೆ ಬೆಲೆ ಜಾಸ್ತಿ. ನೆಕ್‌ನ ಅಗಲಕ್ಕೂ ಬೆಲೆಗೂ ಮಾತ್ರ ಸಂಬಂಧ ಇಲ್ಲ. ಜಾಜ್ ಬೇಸ್ ಥರದ್ದು ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ 38 ಮಿಲಿಮೀಟರ್, ಪ್ರಿಸಿಷನ್ ಥರದ್ದು 41, 42. ಕೈ ಚಿಕ್ಕದಿದ್ದರೆ ಈ ಮೂರು ನಾಲ್ಕು ಮಿಲಿಮೀಟರ್ ಒಂದು ಲಕ್ಷ ರೂಪಾಯಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಒಂದು ತಪ್ಪೊಪ್ಪಿಗೆಯೂ ಇದೆ. ನನ್ನ ಹತ್ತಿರ ಒಂದು ದುಬಾರಿ ಬೇಸ್ ಇದೆ. ಬೆಲೆ ಹೇಳಲ್ಲ, ಮನೆಯವರು ಓದುತ್ತಾರೆ. ಅದನ್ನು ಗೋಡೆಯಿಂದ ಇಳಿಸಿದಾಗಲೆಲ್ಲ ಇನ್ನರ್ಧ ಗಂಟೆ ಜಾಸ್ತಿ ನುಡಿಸುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 20 ಜನರಿಗೆ ಒಂದೇ ವೈನ್ ಅನ್ನು 10 ಡಾಲರ್‌ನದು ಅಂತ ಒಮ್ಮೆ, 90 ಡಾಲರ್‌ನದು ಅಂತ ಒಮ್ಮೆ ಕೊಟ್ಟು ಮಿದುಳು ಸ್ಕ್ಯಾನ್ ಮಾಡಿದ್ದರು, 2008ರಲ್ಲಿ ಪ್ರಕಟವಾಯಿತು. 90 ಅಂದಾಗ ರುಚಿ ಜಾಸ್ತಿ ಅಂದರು, ಮಿದುಳಿನಲ್ಲಿ ಖುಷಿಯನ್ನು ಅಳೆಯುವ ಭಾಗವೂ ನಿಜವಾಗಿ ಜಾಸ್ತಿ ಬೆಳಗಿತು. ಅಂದರೆ ಆ ಖುಷಿ ಸುಳ್ಳಲ್ಲ. ನನ್ನ ಅರ್ಧ ಗಂಟೆಯೂ ಸುಳ್ಳಲ್ಲ. ಅದಕ್ಕೆ ಸಾಲ ಮಾಡಬೇಕಾ ಅನ್ನೋದು ಬೇರೆ ಪ್ರಶ್ನೆ, ನಾನು ಮಾಡಲಿಲ್ಲ.

ಕೊನೆಗೂ ತಗೊಳ್ಳಲೇಬೇಕು ಅಂತಿದ್ದರೆ ಅಂಗಡಿಗೆ ಹೋಗಿ ಆ ಅಮೆರಿಕನ್ ಬೇಸ್ ಕೈಗೆ ತಗೊಂಡು ಜಿ ತಂತಿಯ ಐದನೇ, ಆರನೇ, ಏಳನೇ ಫ್ರೆಟ್ ಒಂದೊಂದಾಗಿ ನುಡಿಸಿ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಣಿಸಿ. ಈ ವಿನ್ಯಾಸದ ಬಹಳಷ್ಟು ಬೇಸ್‌ಗಳಲ್ಲಿ ಅಲ್ಲೆಲ್ಲೋ ಒಂದು ಸ್ವರ ಬೇಗ ಸತ್ತು ಹೋಗುತ್ತದೆ, ನೆಕ್‌ನ ಸ್ವಂತ ಕಂಪನ ಆ ಸ್ವರದ ಶಕ್ತಿ ಕುಡಿದುಬಿಡುತ್ತದೆ. ಬೆಲೆ ಎಷ್ಟೇ ಇರಲಿ, ಇದು ಪೀಸಿನಿಂದ ಪೀಸಿಗೆ ಬೇರೆ. ನಿಮ್ಮ ಬೇಸ್ ಕೂಡ ಅಂಗಡಿಗೆ ಒಯ್ಯಿರಿ, ಎರಡರಲ್ಲೂ ಹೊಸ ತಂತಿ ಇರಲಿ, ಒಂದೇ ಆಂಪ್, ಒಂದೇ ಸೆಟ್ಟಿಂಗ್, ಒಂದೇ ಬೇಸ್‌ಲೈನ್. ಫೋನ್ ಬೇಡ, ಸರಿಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಹೆಸರು ಹಾಕದೆ ಎರಡೂ ಫೈಲ್‌ಗಳನ್ನು ನಿಮ್ಮ ಗಿಟಾರಿಸ್ಟ್‌ಗೆ ಕಳಿಸಿ, ಆಟದ ಸಾಮಾನು ಯಾವುದು ಅಂತ ಕೇಳಿ.